ಎರಡನೇ ರಿಮೋಟು

ನಮ್ಮ ಮನೆಯ ಅಟ್ಟದಲ್ಲಿ ಏನಿಲ್ಲ ಎಂದು ಕೇಳಬೇಕೇ ಹೊರತು ಏನಿದೆ ಎಂದು ಕೇಳಬಾರದು. ಅರಿಶಿನ ಬೇಯಿಸುವ ಕೊಪ್ಪರಿಗೆಯ ಮುಚ್ಚಳ, ಕಾಲು ಮುರಿದ ತೊಟ್ಟಿಲು, ನಮ್ಮತ್ತೆ ಕಾಲದ ಒನಕೆ, ನನ್ನ ಬಿ.ಎಡ್. ಪಾಠಯೋಜನೆಯ ಪುಸ್ತಕಗಳು. ಹೋದ ದೀಪಾವಳಿಗೆ ಸುಣ್ಣ ಹೊಡೆಸಬೇಕೆಂದು ಅಟ್ಟ ಖಾಲಿ ಮಾಡುತ್ತಿದ್ದಾಗ ಒಂದು ರಟ್ಟಿನ ಡಬ್ಬ ಕೈಗೆ ಸಿಕ್ಕಿತು. ಬಿಚ್ಚಿದರೆ ಒಳಗೆ ಮಕ್ಕಳ ಟಿವಿ ಗೇಮು. ಬಿಳಿ ಡಬ್ಬಿ ಹಳದಿಗೆ ತಿರುಗಿತ್ತು. ಒಂದು ಹಳದಿ ಕ್ಯಾಸೆಟ್ಟು, ಒಂದಕ್ಕೊಂದು ಸುತ್ತಿಕೊಂಡ ಎರಡು ರಿಮೋಟು. "ಇನ್ನೂ ಇಟ್ಕೊಂಡಿದ್ದೀಯಲ್ಲ, ಗುಜರಿಗೆ ಹಾಕು ಅತ್ಲಾಗೆ" ಎಂದರು ನಮ್ಮವರು. ನಾನು ಹೂಂ ಅಂದೆ. ಹಾಕಲಿಲ್ಲ.

ಅದನ್ನು ಕೊಂಡದ್ದು 2003ರಲ್ಲಿ, ಆಷಾಢದ ಚಾಮರಾಜೇಶ್ವರ ತೇರಿನ ದಿನ. ನಮ್ಮ ಚಾಮರಾಜನಗರದ ತೇರಿನ ವಿಷಯ ನಿಮಗೆ ಗೊತ್ತಿರಬಹುದು. ಬೇರೆ ಕಡೆ ಆಷಾಢದಲ್ಲಿ ಹೊಸ ಗಂಡ ಹೆಂಡತಿಯನ್ನು ಬೇರೆ ಬೇರೆ ಇಟ್ಟರೆ, ಇಲ್ಲಿ ಹೊಸ ಜೋಡಿಗಳೆಲ್ಲ ಒಟ್ಟಿಗೆ ಬಂದು ತೇರಿಗೆ ಹಣ್ಣು ಜವನ ಎಸೆಯುತ್ತವೆ. ನಾವೂ ಉಡಿಗಾಲದಿಂದ ಬಸ್ಸಿನಲ್ಲಿ ಹೋಗಿದ್ದೆವು. ಮಗಳಿಗೆ ಆಗ ಹತ್ತು ವರ್ಷ, ಮಗನಿಗೆ ಏಳು. ಸಾಲು ಅಂಗಡಿಯಲ್ಲಿ ಅವನು ಇದರ ಮುಂದೆ ಕೂತವನು ಏಳಲೇ ಇಲ್ಲ. ಮುನ್ನೂರು ಚಿಲ್ಲರೆ ರೂಪಾಯಿ. ನನಗೆ ಸೀರೆಯ ಫಾಲ್ಸಿಗೂ ಲೈನಿಂಗಿಗೂ ಎಂದು ಎತ್ತಿಟ್ಟಿದ್ದ ದುಡ್ಡು ಹೋಯಿತು.

ಕ್ಯಾಸೆಟ್ಟಿನ ಮೇಲೆ "9999 ಆಟಗಳು" ಎಂದು ಬರೆದಿತ್ತು. ನಾನೋ ಟೀಚರು, ಎಣಿಸದೆ ಇರಲು ಸಾಧ್ಯವೇ? ಒಂದು ಭಾನುವಾರ ಕೂತು ಮಕ್ಕಳ ಜೊತೆ ಪಟ್ಟಿ ಮಾಡಿದೆ. ಬೇರೆ ಬೇರೆ ಆಟ ಅಂತ ಇದ್ದದ್ದು ಹದಿನೆಂಟು. ಉಳಿದದ್ದೆಲ್ಲ ಅವೇ ಹದಿನೆಂಟು, ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಮಕ್ಕಳಿಗೆ ಅದರಿಂದ ಏನೂ ಬೇಸರವಾಗಲಿಲ್ಲ, ಅವರಿಗೆ ಬೇಕಾಗಿದ್ದುದು ಒಂದೇ. ಕಾಂಟ್ರಾ.

ಈ ಕಾಂಟ್ರಾ ಆಟವನ್ನು ಜಪಾನಿನ ಕೊನಾಮಿ ಕಂಪನಿಯವರು 1987ರಲ್ಲಿ ಕಾಸು ಹಾಕಿ ಆಡುವ ದೊಡ್ಡ ಯಂತ್ರಗಳಿಗೆಂದು ಮಾಡಿದ್ದಂತೆ. ಮರುವರ್ಷ, 1988ರಲ್ಲಿ, ಮನೆಯ ಟಿವಿಗೆ ಸಿಕ್ಕಿಸುವ ಪೆಟ್ಟಿಗೆಗೂ ಬಂತು. ನಮ್ಮ ಊರುಗಳ ಜಾತ್ರೆಗೆ ಅದರ ನಕಲಿ ಬರುವ ಹೊತ್ತಿಗೆ ಆಟಕ್ಕೆ ಹದಿನೈದು ವರ್ಷ ವಯಸ್ಸು. ಕಥೆ ಏನೂ ಇಲ್ಲ. ಬಿಲ್ ಮತ್ತು ಲ್ಯಾನ್ಸ್ ಎಂಬ ಇಬ್ಬರು ಸಿಪಾಯಿಗಳು, ಅಂಗಿ ಇಲ್ಲ, ಒಬ್ಬನಿಗೆ ನೀಲಿ ಪ್ಯಾಂಟು, ಇನ್ನೊಬ್ಬನಿಗೆ ಕೆಂಪು ಪ್ಯಾಂಟು. ಕಾಡಿನಲ್ಲಿ ಓಡುತ್ತಾ, ಹಾರುತ್ತಾ, ಮಲಗಿ ಗುಂಡು ಹಾರಿಸುತ್ತಾ ಎಂಟು ಹಂತ ದಾಟಿ ಕೊನೆಗೆ ಒಂದು ರಾಕ್ಷಸ ಹೃದಯವನ್ನು ಒಡೆಯಬೇಕು. ಒಂದು ಗುಂಡು ತಗುಲಿದರೆ ಸಾಕು, ಸತ್ತ. ಒಬ್ಬೊಬ್ಬನಿಗೆ ಮೂರೇ ಜೀವ. ಮಕ್ಕಳು ಅದನ್ನು ಲೈಫು ಎನ್ನುತ್ತಿದ್ದರು.

ಟಿವಿ ಆಟ ಎಂದರೆ ಕೆಟ್ಟದ್ದು, ಕಣ್ಣು ಹೋಗುತ್ತದೆ, ಓದು ಹೋಗುತ್ತದೆ ಎಂದು ಪೋಷಕರ ಸಭೆಯಲ್ಲಿ ಭಾಷಣ ಮಾಡಿದವಳು ನಾನೇ. ಈಗಲೂ ಪೂರ್ತಿ ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ಆಟದಲ್ಲಿ ನನಗೆ ಮೆಚ್ಚುಗೆಯಾದ ಒಂದು ಗುಣ ಇತ್ತು. ನಮ್ಮ ಮನೆಯಲ್ಲಿ ಚೌಕಾಬಾರ ಆಡಿದರೂ, ಅಳಗುಳಿಮಣೆ ಆಡಿದರೂ, ಕೊನೆಗೆ ಒಬ್ಬರು ಗೆದ್ದು ಒಬ್ಬರು ಅತ್ತುಕೊಂಡೇ ಏಳುತ್ತಿದ್ದರು. ಕಾಂಟ್ರಾದಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಕಡೆ. ಒಬ್ಬನ ಗುಂಡು ಇನ್ನೊಬ್ಬನಿಗೆ ತಗುಲುವುದಿಲ್ಲ, ಮೈಯೊಳಗೆ ಹಾದು ಹೋಗುತ್ತದೆ. "ನೀನ್ ಮ್ಯಾಲಿಂದು ನೋಡ್ಕೊ ಅಕ್ಕ, ನಾನ್ ಕೆಳಗಿಂದು ನೋಡ್ಕೊತೀನಿ" ಎಂದು ಅವನು, "ತಡ್ಕೊ, ನಾನ್ ಬರಗಂಟ ಹೋಗ್ಬೇಡ" ಎಂದು ಇವಳು. ದಿನಕ್ಕೆ ಮೂರು ಸಲ ಜುಟ್ಟು ಹಿಡಿದುಕೊಳ್ಳುತ್ತಿದ್ದವರು ಅರ್ಧ ಗಂಟೆ ಭುಜಕ್ಕೆ ಭುಜ ತಾಗಿಸಿಕೊಂಡು ಕೂರುತ್ತಿದ್ದರು. ಅಷ್ಟು ಹೊತ್ತು ನಾನು ಮುದ್ದೆ ತೊಳಸಿ ಸಾರಿಗೆ ಒಗ್ಗರಣೆ ಹಾಕಿ ಮುಗಿಸುತ್ತಿದ್ದೆ. ನಮ್ಮತ್ತೆ ಮಾತ್ರ, "ಇದ್ಯಾಕವ್ವ ಹಿಂಗ್ ಡಬಡಬಾಂತ ಬಡ್ಕಂತದೆ, ದೇವ್ರುನೆ ಮುಂದೆ ದೀಪ ಹಚ್ಚೋ ಹೊತ್ನಲ್ಲಿ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಬಂದು ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದರು.

ತೊಂದರೆಗಳೂ ಬೇಕಾದಷ್ಟು. ಮೊದಲನೆಯದು ನಮ್ಮದೇ. ನಮ್ಮ ಮನೆಯ ಟಿವಿ ಆಗ ಚಿಕ್ಕ ಕಪ್ಪು ಬಿಳುಪಿನದು. ನೀಲಿ ಪ್ಯಾಂಟು ಯಾವುದು, ಕೆಂಪು ಪ್ಯಾಂಟು ಯಾವುದು? ಎರಡೂ ಬೂದಿ ಬಣ್ಣ. ಇಬ್ಬರೂ ಒಟ್ಟಿಗೆ ಹಾರಿದರೆ ಇಳಿಯುವಾಗ ಯಾರು ಯಾರೆಂದು ತಿಳಿಯದೆ, "ಸತ್ತಿದ್ ನೀನು", "ಇಲ್ಲ ನೀನು" ಎಂದು ಹೊಸ ಜಗಳ. ಎರಡನೆಯದು ಕರೆಂಟು. ಸಂಜೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ಆಟಕ್ಕೋ ನೆನಪಿನ ಶಕ್ತಿ ಇಲ್ಲ. ಆರನೇ ಹಂತದಲ್ಲಿದ್ದರೂ ಸರಿ, ಕರೆಂಟು ಹೋಗಿ ಬಂದರೆ ಮತ್ತೆ ಒಂದನೇ ಹಂತದ ಕಾಡಿನಿಂದಲೇ ಶುರು. ಕ್ಯಾಸೆಟ್ಟು ಹಿಡಿಯದಿದ್ದರೆ ಬಾಯಿಂದ ಊದಿ ಊದಿ ಹಾಕಬೇಕು, ಒಲೆ ಊದಿದ ಹಾಗೆ.

ಮೂರನೆಯದು ಹಂಚಿಕೆಯದು. ದಾರಿಯಲ್ಲಿ ಆಗಾಗ ಒಂದು ಇಂಗ್ಲಿಷ್ ಅಕ್ಷರ ಬೀಳುತ್ತದೆ. 'ಎಸ್' ಬಿದ್ದರೆ ಅದೃಷ್ಟ, ಒಂದೇ ಸಲಕ್ಕೆ ಐದು ಗುಂಡು ಬೀಸಣಿಗೆಯಂತೆ ಹರಡಿಕೊಂಡು ಹೋಗುತ್ತವೆ. ಬೀಳುವುದು ಒಂದು, ಆಡುವವರು ಇಬ್ಬರು. ಮೊದಲು ಮುಟ್ಟಿದವರಿಗೆ ಅದು. ಚಕ್ಕುಲಿಯನ್ನಾದರೆ ಮುರಿದು ಕೊಡಬಹುದು, ಇದನ್ನು ಹೇಗೆ ಮುರಿಯುವುದು?

ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಇನ್ನೊಂದು ನಿಯಮ. ಒಬ್ಬರ ಮೂರು ಜೀವವೂ ಮುಗಿದು ಹೋದರೆ, ಅವರು ಗುಂಡಿ ಒತ್ತಿ ಇನ್ನೊಬ್ಬರ ಹತ್ತಿರ ಉಳಿದಿರುವ ಜೀವವನ್ನು ತೆಗೆದುಕೊಂಡು ಮತ್ತೆ ಎದ್ದು ನಿಲ್ಲಬಹುದು. ಕೇಳಿದರೆ ಎಂಥ ಒಳ್ಳೆಯ ನಿಯಮ! ತಮ್ಮ ಸತ್ತರೆ ಅಕ್ಕನ ಪ್ರಾಣದಲ್ಲಿ ಪಾಲು. ಮೊದಲ ಸಲ ನೋಡಿದಾಗ ನನ್ನ ಕಣ್ಣು ಒದ್ದೆಯಾಯಿತೆಂದರೆ ನೀವು ನಗುತ್ತೀರಿ. ಆಮೇಲೆ ಗಮನಿಸಿದೆ. ಗುಂಡಿ ಒತ್ತುವವನು ತೆಗೆದುಕೊಳ್ಳುವವನು. ಕೊಡುವವಳನ್ನು ಕೇಳುವ ಗುಂಡಿಯೇ ಆಟದಲ್ಲಿಲ್ಲ. ನನ್ನ ಮಗ ಹುಚ್ಚು ಧೈರ್ಯದವನು, ನುಗ್ಗಿ ನುಗ್ಗಿ ಎರಡು ನಿಮಿಷದಲ್ಲಿ ಮೂರು ಜೀವ ಕಳೆಯುತ್ತಿದ್ದ. ಮಗಳು ಜತನದಿಂದ ಆಡಿ ಮೂರನ್ನೂ ಉಳಿಸಿಕೊಂಡಿರುತ್ತಿದ್ದಳು. ಇವನು ಒತ್ತಿದನೆಂದರೆ ಅವಳದ್ದು ಎರಡು. ಇನ್ನೊಮ್ಮೆ ಒತ್ತಿದರೆ ಒಂದು. "ಅಮ್ಮ, ಕೇಳ್ದೆ ತಗೊತಾನೆ ನೋಡು" ಎಂದು ಅವಳು ಅಡಿಗೆಮನೆಗೆ ಬಂದು ದೂರಿದರೆ, ನಾನು ಏನು ಹೇಳುತ್ತಿದ್ದೆ ಗೊತ್ತೆ? "ಹೋಗ್ಲಿ ಬಿಡೆ, ಚಿಕ್ಕೋನು." ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೆಂದು ಹುಡುಕಿಕೊಂಡು ಹೋದರೆ ನಮ್ಮಮ್ಮನ ಅಡಿಗೆಮನೆ, ಅವರಮ್ಮನ ಅಡಿಗೆಮನೆ ಎಂದು ಬಹಳ ದೂರ ಹೋಗಬೇಕಾಗುತ್ತದೆ.

ಆ ವರ್ಷ ಮಗಳು ನನ್ನ ಶಾಲೆಯಲ್ಲೇ ಐದನೇ ತರಗತಿ. ನಾನು ಟಿಸಿಎಚ್ ಮಾಡಿ ಕೆಲಸಕ್ಕೆ ಸೇರಿ, ಆಮೇಲೆ ಬಿ.ಎ., ಬಿ.ಎಡ್. ಕಟ್ಟಿ ಮುಗಿಸಿದವಳು. ಪಕ್ಕದ ಊರಿನ ಸರ್ಕಾರಿ ಶಾಲೆ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಐದನೇ ತರಗತಿಯಲ್ಲಿ ನವೋದಯದ ಪ್ರವೇಶ ಪರೀಕ್ಷೆ ಬರೆಯಬಹುದು. ನನ್ನ ತರಗತಿಯಲ್ಲಿ ಮೂವರು ಚುರುಕು ಮಕ್ಕಳಿದ್ದರು, ನನ್ನ ಮಗಳೂ ಸೇರಿ. ಮೂವರನ್ನೂ ಹತ್ತಿಸಿಬಿಡಬೇಕೆಂದು ನನಗೆ ಹಟ ಹಿಡಿಯಿತು. ಗಣಿತ, ಭಾಷೆ, ಬುದ್ಧಿಶಕ್ತಿಯ ಚಿತ್ರಗಳು. ಬೆಳಿಗ್ಗೆ ಬೇಗ, ಸಂಜೆ ತಡ. ನಡುವಿನ ಪಾಠವೂ ಆ ಮೂವರ ಕಣ್ಣು ನೋಡಿಕೊಂಡೇ ನಡೆಯುತ್ತಿತ್ತು. ಅವರು ತಲೆ ಆಡಿಸಿದರೆ ಮುಂದಿನ ಲೆಕ್ಕ.

ಮಗಳ ಪಕ್ಕ ಕೂರುವ ಒಬ್ಬ ಹುಡುಗಿ ಇದ್ದಳು. ಹೆಸರು ಬೇಡ. ಉದ್ದ ಜಡೆ, ಕೈಬೆರಳುಗಳ ಸಂದಿಯಲ್ಲಿ ಯಾವಾಗಲೂ ಅರಿಶಿನದ ಹಳದಿ. ಕೊಯ್ಲಿನ ಸಮಯದಲ್ಲಿ ಅಪ್ಪ ಅಮ್ಮನ ಜೊತೆ ಹೊಲಕ್ಕೆ ಹೋಗಿ ವಾರಗಟ್ಟಲೆ ಬರುತ್ತಿರಲಿಲ್ಲ. ಬಂದಾಗ ಪಾಠ ಎಲ್ಲೋ ಹೋಗಿರುತ್ತಿತ್ತು. ಭಾಗಾಕಾರ ಬಿಟ್ಟು ಹೋದವಳಿಗೆ ಭಿನ್ನರಾಶಿ ಹೇಗೆ ಬರಬೇಕು? ನನ್ನ ಮಗಳ ಸ್ಲೇಟು ನೋಡಿ ಬರೆಯುತ್ತಿದ್ದಳು. ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಗದರಲಿಲ್ಲ. ಗದರದೆ ಇದ್ದದ್ದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದೆ.

ಮಗಳು ಪಾಸಾದಳು. 2004ರಲ್ಲಿ ಆರನೇ ತರಗತಿಗೆ ಸೇರಿ ಹಾಸ್ಟೆಲ್ಲಿಗೆ ಹೊರಟಳು. ಟ್ರಂಕು, ಬಕೆಟ್ಟು, ಎರಡು ಜೊತೆ ಚಾದರ. ಬೀದಿಯವರೆಲ್ಲ ಬಂದು ಹರಸಿದರು. ಬಿಟ್ಟು ಬಂದ ಸಂಜೆ ಮನೆ ಭಣಭಣ. ಮಗ ಟಿವಿ ಮುಂದೆ ಕೂತು ಒಬ್ಬನೇ ಆಡಿದ. ಸತ್ತ. ಮತ್ತೆ ಆಡಿದ. ಮೂರೂ ಮುಗಿದ ಮೇಲೆ ಅಭ್ಯಾಸಬಲದಿಂದ ಗುಂಡಿ ಒತ್ತಿದ. ಎಲ್ಲಿಂದ ಬರಬೇಕು ಜೀವ? ಅವನು ಎದ್ದು ಬಂದು ಎರಡನೇ ರಿಮೋಟನ್ನು ನನ್ನ ಮಡಿಲಿಗೆ ಹಾಕಿದ. ಸೊಪ್ಪು ಬಿಡಿಸುತ್ತಿದ್ದೆ. "ಅಮ್ಮ, ನೀನ್ ಬಾ."

ಮೂವತ್ತೈದರ ಹೆಂಗಸು, ಹೊರಗಿನವರು ನೋಡಿದರೆ ಏನಂದಾರು? ಬಾಗಿಲು ಹಾಕಿಕೊಂಡು ಕೂತೆ. ಹೆಬ್ಬೆರಳು ನೋಯುತ್ತಿತ್ತು. ಹಾರುವ ಗುಂಡಿ ಒತ್ತುವಾಗ ರಿಮೋಟನ್ನೇ ಮೇಲಕ್ಕೆ ಎತ್ತುತ್ತಿದ್ದೆ, ನನ್ನ ಮೈಯೂ ಜೊತೆಗೆ ಏಳುತ್ತಿತ್ತು. ಅವನು ಬಿದ್ದು ಬಿದ್ದು ನಕ್ಕ. ಅಕ್ಕ ಹೋದ ಮೇಲೆ ಅವನು ನಕ್ಕದ್ದು ಅದೇ ಮೊದಲು, ಹಾಗಾಗಿ ನಾನು ಆಡುವುದನ್ನು ಬಿಡಲಿಲ್ಲ.

ಮೊದಲ ಹಂತ ಕಾಡು. ಬಲಕ್ಕೆ ಹೋಗುತ್ತಾ ಇರಬೇಕು. ನಾನು ಹಿಂದೆ ಬಿದ್ದು ಪರದೆಯ ಎಡ ಅಂಚಿಗೆ ಅಂಟಿಕೊಂಡರೆ ಪರದೆ ಮುಂದಕ್ಕೆ ಸರಿಯುವುದಿಲ್ಲ. ಮುಂದಿರುವವನು ಎಷ್ಟೇ ಶೂರನಾದರೂ ಕಾಯಲೇಬೇಕು. "ಅಮ್ಮೋ, ಬಾ ಬೇಗ್ನೆ, ನಿನ್ನಿಂದ ನಾನೂ ನಿಂತೀನಿ" ಎಂದು ಅವನು ಒದ್ದಾಡುವುದು. ನನಗೋ ಅವಮಾನ. ಆದರೂ ಆ ಕಾಡಿನ ಹಂತದಲ್ಲಿ ಒಂದು ನ್ಯಾಯ ಇತ್ತು. ಹಿಂದಿನವಳು ಬರುವವರೆಗೆ ಲೋಕ ನಿಲ್ಲುತ್ತಿತ್ತು.

ಮೂರನೇ ಹಂತ ಜಲಪಾತ. ಇಲ್ಲಿ ದಾರಿ ಬಲಕ್ಕಲ್ಲ, ಮೇಲಕ್ಕೆ. ಬಂಡೆಯಿಂದ ಬಂಡೆಗೆ ಹಾರುತ್ತಾ ಹತ್ತಬೇಕು, ಮೇಲಿಂದ ಕಲ್ಲುಗುಂಡುಗಳು ಉರುಳಿ ಬರುತ್ತವೆ. ನಾನು ಕೆಳಗಿನ ಬಂಡೆಯ ಮೇಲೆ ನಿಂತು ಯಾವಾಗ ಹಾರಲಿ ಎಂದು ಲೆಕ್ಕ ಹಾಕುತ್ತಿದ್ದೆ. ಮಗ ಎರಡು ಬಂಡೆ ಮೇಲೆ. ಅವನು ಇನ್ನೊಂದು ಹಾರಿದ. ನನಗೆ ಗುಂಡು ಬೀಳಲಿಲ್ಲ, ಕಲ್ಲು ಬೀಳಲಿಲ್ಲ, ನಾನು ಒಂದು ತಪ್ಪೂ ಮಾಡಲಿಲ್ಲ. ಸುಮ್ಮನೆ ನಿಂತಲ್ಲೇ ಸತ್ತೆ.

"ಇದೇನೋ? ಯಾರೂ ಹೊಡೀಲೇ ಇಲ್ಲ?"

"ನಾನ್ ಮ್ಯಾಲಕ್ ಹೋದ್ರೆ ಪರದೆ ಮ್ಯಾಲಕ್ ಬತ್ತದೆ ಅಮ್ಮ. ಕೆಳಗಿದ್ದೋರು ಸತ್ತೋಯ್ತಾರೆ. ನೀನು ಜೊತೇಲೇ ಹತ್ಬೇಕು."

ಅವನಿಗೆ ಅದು ಸಹಜ. ಕರೆಂಟು ಹೋದರೆ ಕತ್ತಲೆ ಎಂಬಷ್ಟು ಸಹಜ. ಪರದೆ ಮೇಲೆ ಹೋದವನ ಜೊತೆ ಹೋಗುತ್ತದೆ. ಕೆಳಗೆ ನಿಂತವಳ ಕಾಲ ಕೆಳಗೆ ಬಂಡೆ ಇದ್ದರೂ, ಪರದೆಯಲ್ಲಿ ಕಾಣದ ಬಂಡೆ ಬಂಡೆಯೇ ಅಲ್ಲ. ಇನ್ನೂ ವಿಚಿತ್ರವೆಂದರೆ ಮೇಲೆ ಹೋದವನು ಕೊಂದೆನೆಂದು ತಿಳಿಯುವುದೇ ಇಲ್ಲ. ಅವನ ಕಣ್ಣು ಮುಂದಿನ ಬಂಡೆಯ ಮೇಲಿರುತ್ತದೆ. ಅವನೇನು ಕೆಟ್ಟವನೇ? ಚೆನ್ನಾಗಿ ಆಡುತ್ತಿದ್ದಾನೆ, ಅಷ್ಟೆ.

ಅಂದು ಇಪ್ಪತ್ತು ಸಲವಾದರೂ ಹಾಗೆ ಸತ್ತಿರಬೇಕು. ಒಂದು ಸಲ ಸಿಟ್ಟು ಬಂದು ರಿಮೋಟು ಬಿಸಾಕಿ ಎದ್ದೆ. ಸಾರು ಸೀದಿತ್ತು.

ಮರುದಿನವೋ, ಎರಡು ದಿನ ಬಿಟ್ಟೋ, ಶಾಲೆಯಲ್ಲಿ ಆರನೇ ತರಗತಿಯ ಹಾಜರಿ ಕರೆಯುತ್ತಿದ್ದೆ. ಆ ಹುಡುಗಿಯ ಹೆಸರಿಗೆ ಉತ್ತರ ಬರಲಿಲ್ಲ. ಹಿಂದಕ್ಕೆ ನೋಡಿದರೆ ಶಾಲೆ ಶುರುವಾದಾಗಿನಿಂದ ಅವಳ ಸಾಲಿನಲ್ಲಿ ಒಂದೂ ಗುರುತಿಲ್ಲ. ನಾನೇ ದಿನಾ ಕರೆದಿದ್ದೆ, ನಾನೇ ದಿನಾ ಗೈರುಹಾಜರಿ ಹಾಕಿದ್ದೆ, ನಾನು ಗಮನಿಸಿರಲಿಲ್ಲ. ಮಗಳ ಟ್ರಂಕು, ಮಗಳ ಬಕೆಟ್ಟು ಎಂದು ನನ್ನ ಪರದೆ ಮೇಲೆ ಹೋಗಿತ್ತು.

ಆ ಸಂಜೆ ಬಸ್ಸು ಬಿಟ್ಟು ಅವರ ಕೇರಿಗೆ ನಡೆದು ಹೋದೆ. ಮನೆಗೆ ಬೀಗ. ಪಕ್ಕದ ಮನೆಯ ಅಜ್ಜಿ ಹೇಳಿತು, "ಅವ್ರು ಕೊಡಗ್‌ಗೆ ಕಾಪಿ ತೋಟುಕ್ಕೋದ್ರಲ್ಲ ಮಿಸ್ಸಮ್ಮ, ಎಳ್ಡು ತಿಂಗ್ಳಾಯ್ತು. ಹೆಣ್ಣೈಕ್ಳೂ ಹೊಂಟೋದೋ." ನಮ್ಮ ಕಡೆಯಿಂದ ಕೊಡಗಿನ ತೋಟಗಳಿಗೆ, ಕೇರಳದ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುವುದು ಹೊಸದಲ್ಲ. ವಿಳಾಸವೆಂದು ಒಂದು ಊರಿನ ಹೆಸರು ಕೊಟ್ಟರು. ಕಾಗದ ಬರೆದೆ. ಉತ್ತರವಿಲ್ಲ. ಮುಖ್ಯೋಪಾಧ್ಯಾಯರಿಗೆ ಹೇಳಿದೆ, ಅವರು ಶಾಲೆ ಬಿಟ್ಟವರ ಪಟ್ಟಿಗೆ ಹೆಸರು ಸೇರಿಸಿದರು. ಪಟ್ಟಿ ಮೇಲಕ್ಕೆ ಹೋಯಿತು.

ಮಗನಿಗೆ ಯಾರೋ ಗೆಳೆಯ ಒಂದು ಗುಟ್ಟು ಹೇಳಿಕೊಟ್ಟಿದ್ದ. ಆಟದ ಹೆಸರು ಕಾಣುವ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂರರ ಬದಲು ಮೂವತ್ತು ಜೀವ! ಕನ್ನಡ ಕಾಪಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬಾಣದ ಗುರುತು ಹಾಕಿ ಬರೆದುಕೊಂಡಿದ್ದ. ಬಹಳ ಕಾಲ ಇದು ಹುಡುಗರ ಕಳ್ಳಾಟವೆಂದೇ ತಿಳಿದಿದ್ದೆ. ಆಮೇಲೆ ಓದಿದೆ. ಕಝುಹಿಸಾ ಹಶಿಮೊಟೊ ಎಂಬಾತ ಕೊನಾಮಿ ಕಂಪನಿಯಲ್ಲಿ 1986ರಲ್ಲಿ ಗ್ರೇಡಿಯಸ್ ಎಂಬ ಇನ್ನೊಂದು ಆಟವನ್ನು ಮನೆಯ ಪೆಟ್ಟಿಗೆಗೆ ಹೊಂದಿಸುತ್ತಿದ್ದ. ಪರೀಕ್ಷೆ ಮಾಡಲು ಆಡಿ ನೋಡಬೇಕಲ್ಲ, ತಾನು ಮಾಡುತ್ತಿದ್ದ ಆಟವೇ ತನಗೆ ಕಷ್ಟವಾಯಿತು. ಅದಕ್ಕೆ ತನ್ನ ಅನುಕೂಲಕ್ಕೆಂದು ಈ ಗುಟ್ಟಿನ ಸಾಲು ಸೇರಿಸಿಕೊಂಡ. ಅದು ಆಟದಲ್ಲೇ ಉಳಿದು ಹೊರಗೆ ಬಂದುಬಿಟ್ಟಿತು. ಕಾಂಟ್ರಾದವರೂ ಅದನ್ನೇ ಇಟ್ಟುಕೊಂಡರು. ಆತ 2020ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಬರೆದವು. ಪ್ರಶ್ನೆಪತ್ರಿಕೆ ತೆಗೆದ ಮೇಷ್ಟರೇ ಉತ್ತರ ಬರೆಯಲಾಗದೆ ಒಂದು ಚೀಟಿ ಇಟ್ಟುಕೊಂಡ ಹಾಗೆ! ನಾನಂತೂ ಅವನನ್ನು ಮನಸಾರೆ ಮೆಚ್ಚಿದೆ. ಮೂವತ್ತು ಜೀವ ಇದ್ದುದರಿಂದಲೇ ನನ್ನಂಥವಳು ಜಲಪಾತ ಹತ್ತಿ, ಹಿಮದ ಹಂತ ದಾಟಿ, ಒಂದೇ ಒಂದು ಸಲ ಆ ಕೊನೆಯ ಹೃದಯದವರೆಗೂ ಹೋಗಲು ಸಾಧ್ಯವಾಯಿತು. ಮೂರು ಜೀವದಲ್ಲಿ ಕಲಿಯುವ ಮಕ್ಕಳು ಎಷ್ಟು ಜನ ಇದ್ದಾರು?

ನಾವಿಬ್ಬರೂ ಜಲಪಾತಕ್ಕೆ ಒಂದು ಕ್ರಮ ಮಾಡಿಕೊಂಡೆವು. ಅವನು ಒಂದು ಬಂಡೆ ಹಾರಿ "ಅಮ್ಮ" ಎನ್ನಬೇಕು. ನಾನು ಹಾರಿ "ಹೂಂ" ಎನ್ನಬೇಕು. ಆಮೇಲೆ ಅವನು ಮುಂದಿನದಕ್ಕೆ. ಅವನಿಗೆ ಅದು ಎಷ್ಟು ಕಷ್ಟವಾಗುತ್ತಿತ್ತೆಂದರೆ ಕಾಲಿನ ಬೆರಳುಗಳನ್ನು ಮಡಚಿಕೊಂಡು ಕಾಯುತ್ತಿದ್ದ. ಏಳೆಂಟು ವರ್ಷದ ಹುಡುಗನಿಗೆ ಕಾಯುವುದನ್ನು ನಾನು ನೀತಿಪಾಠದಲ್ಲಿ ಕಲಿಸಲಾಗಿರಲಿಲ್ಲ.

ಆಮೇಲೆ ನಲಿಕಲಿ ಬಂತು. ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲೇ ಶುರುವಾದದ್ದು, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳ ಒಂದು ಎರಡನೇ ತರಗತಿಗೆಲ್ಲ ಬಂತು. ನನಗೆ ಆ ವರ್ಷ ಚಿಕ್ಕ ಮಕ್ಕಳ ತರಗತಿ ಕೊಟ್ಟಿದ್ದರು. ತರಬೇತಿಯಲ್ಲಿ ಗೋಡೆಯ ಮೇಲೆ ಕಲಿಕಾ ಏಣಿ ತೂಗು ಹಾಕಿ ವಿವರಿಸಿದರು. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ ತಾನಿರುತ್ತದೆ. ಟೀಚರ ಪೂರ್ತಿ ನೆರವು ಬೇಕಾದವರು ಒಂದು ಗುಂಪು, ಗೆಳೆಯರ ನೆರವಿನಲ್ಲಿ ಕಲಿಯುವವರು ಒಂದು ಗುಂಪು, ತಾವೇ ಕಲಿಯುವವರು ಇನ್ನೊಂದು. ವಾರ ರಜೆ ಹಾಕಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. ಪಕ್ಕದಲ್ಲಿದ್ದ ಟೀಚರು "ಕಾರ್ಡು ಜೋಡಿಸೋದ್ರಲ್ಲೇ ಆಯಸ್ಸು ಹೋಗುತ್ತೆ ಕಣ್ರೀ" ಎಂದು ಪಿಸುಗುಟ್ಟಿದರು. ಅದೂ ನಿಜವೇ, ಕಾರ್ಡುಗಳು ಕಳೆಯುತ್ತಿದ್ದವು, ಹರಿಯುತ್ತಿದ್ದವು, ಒಬ್ಬಳೇ ಮೂವತ್ತು ಮಕ್ಕಳ ಮೂವತ್ತು ಮೆಟ್ಟಿಲು ನೆನಪಿಡುವುದು ತಮಾಷೆಯಲ್ಲ. ನಾನು ಏಣಿ ನೋಡುತ್ತಾ ಕೂತಿದ್ದೆ. ಐದು ವರ್ಷ ಮೊದಲು ಇದು ನನ್ನ ತರಗತಿಯ ಗೋಡೆಯ ಮೇಲೆ ಇದ್ದಿದ್ದರೂ, ಆ ಮೂವರ ಕಣ್ಣು ಬಿಟ್ಟು ಗೋಡೆ ನೋಡುತ್ತಿದ್ದೆನೇ ಎಂಬ ಅನುಮಾನ ಈಗಲೂ ಇದೆ.

ಆ ಹುಡುಗಿಯನ್ನು ಮತ್ತೆ ನೋಡಿದ್ದು 2018ರಲ್ಲಿ, ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ. ನಾನು ಗುರುತಿಸಲಿಲ್ಲ. ಅವಳೇ ಬಂದು "ಮಿಸ್, ಚೆನ್ನಾಗಿದ್ದೀರಾ?" ಎಂದು ಕಾಲು ಮುಟ್ಟಲು ಬಗ್ಗಿದಳು. ಸೊಂಟದ ಮೇಲೆ ಒಂದು ಮಗು, ಕೈ ಹಿಡಿದು ಒಂದು. ಜಡೆ ಹಾಗೆಯೇ ಇತ್ತು. ನನ್ನ ಮಗಳನ್ನು ವಿಚಾರಿಸಿದಳು. ಎಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆಂದೆ. ಅವಳ ಮುಖ ನಿಜವಾಗಿ ಅರಳಿತು. "ಅವ್ಳು ಆವತ್ತಿಂದ್ಲೂ ಬುದ್ವಂತೆ ಮಿಸ್" ಎಂದಳು. ನಾನು ಹೇಗೋ ಬಾಯಿ ತೆರೆದು, "ನಾನು ನಿನ್ನ ಹುಡುಕ್ಕೊಂಡು ಮನೆಗೆ ಬಂದಿದ್ದೆ ಕಣೆ, ತಡವಾಗಿತ್ತು. ನಾನು ಮೊದಲೇ..." ಎಂದೆ. ಅವಳು ಪೂರ್ತಿ ಮಾಡಲು ಬಿಡಲಿಲ್ಲ. "ಅಯ್ಯೋ ಬುಡಿ ಮಿಸ್, ನಂಗೆಲ್ಲಿ ತಲೆಗೋಯ್ತಿತ್ತು? ನಾನೇ ದಡ್ಡಿ."

ಬಸ್ಸು ಬಂತು. ಅವಳು ಮಕ್ಕಳನ್ನು ಎತ್ತಿಕೊಂಡು ಹತ್ತಿ ಕಿಟಕಿಯಿಂದ ಕೈ ಬೀಸಿದಳು. ಒಂದು ತಪ್ಪೂ ಮಾಡದೆ ನಿಂತಲ್ಲೇ ಸತ್ತಾಗ ನಾನು ರಿಮೋಟು ಬಿಸಾಕಿದ್ದೆ. ಅವಳು ಬಿಸಾಕಲಿಲ್ಲ. ತಪ್ಪೆಲ್ಲ ತನ್ನದೇ ಎಂದು ನಂಬಿಕೊಂಡು ಹದಿನಾಲ್ಕು ವರ್ಷ ಕಳೆದಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈ ದೀಪಾವಳಿಗೆ ಮಗ ಸೊಸೆ ಬೆಂಗಳೂರಿನಿಂದ ಬಂದರು. ಮಗಳು ಬರಲಾಗಲಿಲ್ಲ. ಮಗ ಒಂದು ಪ್ಲೇಸ್ಟೇಷನ್ ತಂದಿದ್ದ. ಅದರಲ್ಲಿ ಈಗ ಗಂಡ ಹೆಂಡತಿ ಆಡುವ ಆಟ ಒಂದಿದೆ, 'ಇಟ್ ಟೇಕ್ಸ್ ಟೂ' ಎಂದು. 2021ರಲ್ಲಿ ಸ್ವೀಡನ್ನಿನ ಹೇಜ್‌ಲೈಟ್ ಎಂಬ ಕಂಪನಿ ಮಾಡಿದ್ದು. ವಿಚ್ಛೇದನಕ್ಕೆ ಸಿದ್ಧವಾದ ದಂಪತಿ ಗೊಂಬೆಗಳಾಗಿಬಿಡುತ್ತಾರೆ, ಮತ್ತೆ ಮನುಷ್ಯರಾಗಬೇಕಾದರೆ ಇಬ್ಬರೂ ಸೇರಿ ದಾರಿ ಹುಡುಕಬೇಕು. ಒಂದು ಕಡೆ ಗಂಡನ ಕೈಗೆ ಮೊಳೆ ಸಿಗುತ್ತದೆ, ಹೆಂಡತಿಯ ಕೈಗೆ ಸುತ್ತಿಗೆಯ ತಲೆ. ಅವನು ಮೊಳೆ ಹೊಡೆದರೆ ಅವಳು ಅದಕ್ಕೆ ಸುತ್ತಿಗೆ ಸಿಕ್ಕಿಸಿ ಜೋತಾಡಿ ದಾಟಬೇಕು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಹೆಜ್ಜೆ ಇಲ್ಲ. ಸೊಸೆಯ ಜೊತೆ ನಾನೂ ಸ್ವಲ್ಪ ಆಡಿದೆ. ಪರದೆಯನ್ನು ನಡುವೆ ಸೀಳಿ ಇಬ್ಬರಿಗೂ ಅವರವರ ಅರ್ಧ ಕೊಟ್ಟಿದ್ದಾರೆ. ಅವಳು ಎಷ್ಟು ಮೇಲೆ ಹೋದರೂ ನಾನು ನನ್ನ ಅರ್ಧದಲ್ಲಿ ಸುರಕ್ಷಿತ. ಬಿದ್ದರೆ ಗುಂಡಿ ಒತ್ತಿ ಒತ್ತಿ ತಕ್ಷಣ ಎದ್ದು ಬರಬಹುದು, ಯಾರ ಜೀವವನ್ನೂ ಕಡ ತರಬೇಕಾಗಿಲ್ಲ. ಎಂಥ ನಾಜೂಕು! ಯಾರೋ ನನ್ನ ದೂರುಗಳನ್ನೆಲ್ಲ ಪಟ್ಟಿ ಮಾಡಿ ಸರಿಪಡಿಸಿದ ಹಾಗಿತ್ತು. ನಡುನಡುವೆ ಬಂದು ದಾಂಪತ್ಯದ ಉಪದೇಶ ಮಾಡುವ ಒಂದು ಮಾತಾಡುವ ಪುಸ್ತಕವನ್ನು ಮಾತ್ರ ಒಲೆಗೆ ಹಾಕಬೇಕೆನಿಸಿತು. ಇನ್ನೊಂದು, ಈ ಆಟವನ್ನು ಒಬ್ಬರೇ ಆಡುವ ದಾರಿಯೇ ಇಲ್ಲ. ಜೊತೆ ಇಲ್ಲದವರು ಪೆಟ್ಟಿಗೆ ಮುಚ್ಚಿ ಮಲಗಬೇಕು. ನನ್ನ ಮಗ ಅಕ್ಕ ಹೋದ ಸಂಜೆ ಒಬ್ಬನೇ ಸತ್ತು ಸತ್ತು ಆಡಿದನಲ್ಲ, ಅಷ್ಟೂ ಇಲ್ಲ.

ಅಟ್ಟದ ಡಬ್ಬದ ವಿಷಯ ಹೇಳಿದ್ದು ಆಗಲೇ. ಮಗ ಕುಣಿದುಬಿಟ್ಟ. ಯಾವುದೋ ಅಡಾಪ್ಟರು ಹುಡುಕಿದ, ಹಳೆಯ ಟಿವಿಗೆ ವೈರು ಸಿಕ್ಕಿಸಿದ, ಕ್ಯಾಸೆಟ್ಟು ಬಾಯಿಂದ ಊದಿದ. ಮೂರನೇ ಸಲಕ್ಕೆ ಆ ಡಬಡಬ ಸಂಗೀತ ಬಂತು. ನಮ್ಮತ್ತೆ ಈಗಿಲ್ಲ, ಇದ್ದಿದ್ದರೆ ಕಂಬಕ್ಕೆ ಒರಗಿ ಕೂರುತ್ತಿದ್ದರು. ಪುಣೆಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಟಿವಿ ಕಾಣುವಂತೆ ಒಂದು ಚೊಂಬಿಗೆ ಒರಗಿಸಿಟ್ಟರು. ಬಣ್ಣದ ಟಿವಿಯಲ್ಲಿ ಮೊದಲ ಸಲ ನೋಡಿದೆ, ನಾನು ಕೆಂಪು ಪ್ಯಾಂಟು. ಗುಟ್ಟಿನ ಸಾಲು ಮಗನಿಗೆ ಮರೆತಿತ್ತು, ಮಗಳು ಅಲ್ಲಿಂದಲೇ ಹೇಳಿದಳು. ಆದರೆ ಹಟಕ್ಕೆ ಬಿದ್ದು ಅವನು ಮೂರೇ ಜೀವದಲ್ಲಿ ಆಡೋಣವೆಂದ.

ಜಲಪಾತಕ್ಕೆ ಬರುವಷ್ಟರಲ್ಲಿ ಅವನಿಗೆ ಒಂದೇ ಜೀವ, ನನಗೆ ಎರಡು. "ಅಮ್ಮ, ಈ ಸಲ ನೀನು ಮೊದಲು ಹತ್ತು, ನಾನು ಕಾಯ್ತೀನಿ" ಎಂದ. ಹಾರಿದೆ. ಕಾಲು ಸರಿಯಾಗಿ ಬಂಡೆಯ ಮೇಲೆ ಬಿತ್ತು. ಇನ್ನೊಂದು ಹಾರಿದೆ, ಅದೂ ಸಿಕ್ಕಿತು. ಕಲ್ಲುಗುಂಡು ಪಕ್ಕದಲ್ಲೇ ಉರುಳಿ ಹೋಯಿತು. ಐವತ್ತಾರನೇ ವಯಸ್ಸಿನಲ್ಲಿ ಇಂಥ ಆಟ ನನಗೆ ಬರುತ್ತದೆಂದು ನಾನೇ ಅಂದುಕೊಂಡಿರಲಿಲ್ಲ. ಸೊಸೆ ಚಪ್ಪಾಳೆ ತಟ್ಟಿದಳು. ಮೂರನೆಯದನ್ನೂ ಹಾರಿದೆ.

ಫೋನಿನಿಂದ ಮಗಳು ಕೂಗಿದಳು. "ಅಮ್ಮ, ಕೆಳಗ್ ನೋಡು! ಅವನು!"

ನೋಡುವಷ್ಟರಲ್ಲಿ ಅವನಿರಲಿಲ್ಲ. ಅವನು ನನ್ನ ಮುಖ ನೋಡಿ ನಕ್ಕು, "ಒಂದು ತಗೊಳ್ಳಾ?" ಎಂದು ಕೇಳಿದ. ಹೂಂ ಅಂದೆ. ಗುಂಡಿ ಒತ್ತಿದ.